ಸ್ಕಿಪರ್ಕೆ: ಫ್ಲಾಂಡರ್ಸ್ ಕಾಲುವೆಗಳ ಕಪ್ಪು ಕಾವಲು ನಾಯಿಯನ್ನು ಸಾಕುವ ಕ್ರಮ

ಬೆಲ್ಜಿಯಂ ದೇಶದ ಉತ್ತರ ಭಾಗವಾದ ಫ್ಲಾಂಡರ್ಸ್‌ನ ಸರಕು ದೋಣಿಗಳ ಮೇಲೆ ತಲೆಮಾರುಗಳ ಕಾಲ ಕಾವಲಿಗಿದ್ದ ಪುಟ್ಟ ಕಪ್ಪು ನಾಯಿಯ ಹೆಸರು ಸ್ಕಿಪರ್ಕೆ. ಬ್ರಸೆಲ್ಸ್, ಲ್ಯೂವೆನ್, ಆಂಟ್ವರ್ಪ್ ಊರುಗಳಲ್ಲಿ, ನೆರೆಯ ನೆದರ್ಲೆಂಡ್ಸ್‌ನಲ್ಲಿ, ಬ್ರಿಟನ್ ಮತ್ತು ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಈ ನಾಯಿಯನ್ನು ಉದ್ಯಾನದಲ್ಲೋ ನೆರೆಮನೆಯಲ್ಲೋ ಕಂಡಾಗ, ಅದರ ಚಿಕ್ಕ ಗಾತ್ರವನ್ನೂ ನರಿಯಂತಹ ಚೂಪು ಮುಖವನ್ನೂ ನೋಡಿ, ಫ್ಲ್ಯಾಟಿನಲ್ಲಿ ಸಾಕಲು ಇದಕ್ಕಿಂತ ಸುಲಭವಾದ ನಾಯಿ ಬೇರೊಂದಿರಲಾರದು ಎಂದು ಭಾವಿಸುವ ಸಾಧ್ಯತೆ ಇದೆ. ಗಾತ್ರದ ಮಟ್ಟಿಗೆ ಆ ಭಾವನೆ ಸರಿಯೇ. ಸ್ವಭಾವದ ಮಟ್ಟಿಗೆ ಸರಿಯಲ್ಲ. ಯಾರಾದರೂ ಹತ್ತಿರ ಬಂದರೆ ಎಚ್ಚರಿಸುವುದು, ಸಂದುಗೊಂದುಗಳಲ್ಲಿ ಇಲಿ ಹಿಡಿಯುವುದು, ಮಾಲೀಕನ ಒಂದೊಂದು ಚಲನೆಯನ್ನೂ ಗಮನಿಸುತ್ತಿರುವುದು ಈ ತಳಿಯ ಕೆಲಸವಾಗಿತ್ತು. ದೋಣಿ ಹೋದರೂ ಆ ಕೆಲಸದ ಹಂಬಲ ಅದರಲ್ಲಿ ಉಳಿದಿದೆ. ಅದಕ್ಕೆ ತಕ್ಕ ಕೆಲಸವನ್ನೂ ಸ್ಪಷ್ಟವಾದ ಎಲ್ಲೆಯನ್ನೂ ಒದಗಿಸುವ ಮನೆಯಲ್ಲಿ ಸ್ಕಿಪರ್ಕೆ ಹದಿಮೂರು ಹದಿನಾಲ್ಕು ವರ್ಷ ಚುರುಕಾಗಿ ಬಾಳುತ್ತದೆ. ಅಂಥ ಮನೆಯನ್ನು ಸಿದ್ಧಪಡಿಸುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

1. ಮೊದಲು ತಳಿಯ ಹಿನ್ನೆಲೆಯನ್ನು ತಿಳಿದುಕೊಳ್ಳಿ

ಲ್ಯೂವೆನ್ ಸುತ್ತಮುತ್ತ ಹಿಂದೆ ಇದ್ದ ಲ್ಯೂವೆನಾರ್ ಎಂಬ ಕಪ್ಪು ಕುರಿನಾಯಿಯಿಂದ ಸ್ಕಿಪರ್ಕೆ ಬಂದಿದೆ ಎಂಬುದು ತಳಿಯ ಅಧಿಕೃತ ಇತಿಹಾಸ. ಆದ್ದರಿಂದಲೇ ಅಂತರರಾಷ್ಟ್ರೀಯ ನಾಯಿ ಸಂಘಟನೆಯಾದ ಎಫ್‌ಸಿಐ ತನ್ನ 83ನೇ ಸಂಖ್ಯೆಯ ಮಾನದಂಡದಲ್ಲಿ ಇದನ್ನು ಕುರಿ ಮತ್ತು ದನ ಕಾಯುವ ನಾಯಿಗಳ ಮೊದಲನೆಯ ಗುಂಪಿಗೆ ಸೇರಿಸಿದೆ. ಕುರಿ ಕಾಯುವ ದೊಡ್ಡ ಸೋದರರು ಬೆಲ್ಜಿಯನ್ ಶೆಫರ್ಡ್ ತಳಿಗಳಾಗಿ ಬೆಳೆದರೆ, ಚಿಕ್ಕದು ಊರೊಳಗಿನ ಅಂಗಡಿಗಳನ್ನೂ ಕುದುರೆ ಲಾಯಗಳನ್ನೂ ಕಾಲುವೆಯ ದೋಣಿಗಳನ್ನೂ ಕಾಯುವ ನಾಯಿಯಾಯಿತು. ಬ್ರಸೆಲ್ಸ್ ನಗರದ ಸೇಂಟ್ ಜೆರಿ ಕೇರಿಯ ಚಮ್ಮಾರರು 1690ರ ಹೊತ್ತಿಗೇ ತಮ್ಮ ನಾಯಿಗಳಿಗೆ ಕೆತ್ತನೆಯ ಹಿತ್ತಾಳೆ ಕೊರಳಪಟ್ಟಿ ತೊಡಿಸಿ ಸ್ಪರ್ಧೆಗೆ ತರುತ್ತಿದ್ದರು ಎಂದು ತಳಿಯ ಇತಿಹಾಸದಲ್ಲಿ ದಾಖಲಾಗಿದೆ. ದುಡಿಯುವ ಜನ ತಮ್ಮ ನಾಯಿಗೆ ತೋರಿದ ಈ ಅಕ್ಕರೆ ನನಗೆ ರಾಜಮನೆತನದ ಮೆಚ್ಚುಗೆಗಿಂತ ಹೆಚ್ಚಿನದಾಗಿ ಕಾಣುತ್ತದೆ. ಆ ಮೆಚ್ಚುಗೆಯೂ ಬಂತು: 1882ರಲ್ಲಿ ಸ್ಪಾ ಪಟ್ಟಣದ ಪ್ರದರ್ಶನದಲ್ಲಿ ತಳಿ ಮೊದಲ ಬಾರಿಗೆ ಕಾಣಿಸಿಕೊಂಡಿತು, ಬಳಿಕ ಬೆಲ್ಜಿಯಂ ರಾಣಿ ಮೇರಿ ಹೆನ್ರಿಯೆಟ್ ಒಂದನ್ನು ಸಾಕಿದ್ದರಿಂದ ಶ್ರೀಮಂತರ ಮನೆಗಳಿಗೂ ಅದು ತಲುಪಿತು. 1888ರಲ್ಲಿ ಸ್ಥಾಪನೆಯಾದ ಸ್ಕಿಪರ್ಕೆ ಕ್ಲಬ್ ಬೆಲ್ಜಿಯಂನ ಅತ್ಯಂತ ಹಳೆಯ ತಳಿ ಸಂಘ. ತಳಿಯ ಮೊದಲ ಮಾನದಂಡವನ್ನು ಬರೆದದ್ದೂ ಅದೇ.

ದೋಣಿಯ ಬದುಕು ಈ ನಾಯಿಗೆ ಏನನ್ನು ಕಲಿಸಿತು ಎಂಬುದನ್ನು ಮರಿ ತರುವ ಮೊದಲೇ ಯೋಚಿಸಬೇಕು. ಫ್ಲಾಂಡರ್ಸ್‌ನ ಕಾಲುವೆಗಳಲ್ಲಿ ಸರಕು ಸಾಗಿಸುತ್ತಿದ್ದ ಕುಟುಂಬಗಳು ದೋಣಿಯ ಹಿಂಬದಿಯ ಪುಟ್ಟ ಕೋಣೆಯಲ್ಲೇ ಸಂಸಾರ ಹೂಡುತ್ತಿದ್ದವು. ಉಳಿದ ಜಾಗವೆಲ್ಲ ಧಾನ್ಯ, ಕಲ್ಲಿದ್ದಲು, ಇಟ್ಟಿಗೆಗಳಿಗೆ ಮೀಸಲು. ಅಂಥ ಕಡೆ ದೊಡ್ಡ ನಾಯಿಗೆ ಜಾಗವಿಲ್ಲ, ಮೈಗಳ್ಳ ನಾಯಿಗೆ ಊಟವಿಲ್ಲ. ಪ್ರತಿ ಸಂಜೆ ಹೊಸ ದಡ, ಹೊಸ ಜನ, ಹೊಸ ಸದ್ದು. ಯಾರು ಸುಮ್ಮನೆ ಹಾದುಹೋಗುವವರು, ಯಾರು ಹಲಗೆಯ ಮೇಲೆ ಕಾಲಿಡುವವರು ಎಂಬುದನ್ನು ನಾಯಿಯೇ ತೀರ್ಮಾನಿಸಿ ಸದ್ದು ಮಾಡಬೇಕಿತ್ತು. ಸ್ವಂತ ತೀರ್ಮಾನದ ಈ ಗುಣವೇ ಇಂದು ತರಬೇತಿಯಲ್ಲಿ ಹಟವಾಗಿ ಕಾಣುತ್ತದೆ, ಒಂಟಿತನದಲ್ಲಿ ಚೇಷ್ಟೆಯಾಗಿ ಹೊರಬರುತ್ತದೆ.

2. ನಿಮ್ಮ ಮನೆಗೆ ಹೊಂದುತ್ತದೆಯೇ ಎಂದು ಪರೀಕ್ಷಿಸಿ

ಬೆಳೆದ ನಾಯಿಯ ಎತ್ತರ ಹೆಗಲಿನ ಬಳಿ ಸುಮಾರು 25ರಿಂದ 33 ಸೆಂಟಿಮೀಟರ್. ತೂಕ 3ರಿಂದ 9 ಕೆ.ಜಿ.ವರೆಗೆ ಇರಬಹುದಾದರೂ ಮಾನದಂಡ ಬಯಸುವುದು 4ರಿಂದ 7 ಕೆ.ಜಿ. ಜಾಗ ಇದಕ್ಕೆ ದೊಡ್ಡ ಸಮಸ್ಯೆಯಲ್ಲ. ಸದ್ದು ಮತ್ತು ಸಮಯ ಎರಡೂ ಸಮಸ್ಯೆ. ಗೋಡೆಗಳು ತೆಳುವಾಗಿರುವ ಫ್ಲ್ಯಾಟಿನಲ್ಲಿ, ಗಂಡ ಹೆಂಡತಿ ಇಬ್ಬರೂ ಬೆಳಗ್ಗೆ ಎಂಟಕ್ಕೆ ಹೊರಟು ಸಂಜೆ ಆರಕ್ಕೆ ಮರಳುವ ಮನೆಯಲ್ಲಿ, ಈ ನಾಯಿ ದಿನವಿಡೀ ಮೆಟ್ಟಿಲ ಸದ್ದಿಗೆಲ್ಲ ಬೊಗಳುತ್ತಿರುತ್ತದೆ. ವಾರಕ್ಕೆ ಕೆಲವು ದಿನವಾದರೂ ಮನೆಯಿಂದ ಕೆಲಸ ಮಾಡುವವರಿದ್ದರೆ, ಅಥವಾ ಊರಿನಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ, ಪರಿಸ್ಥಿತಿ ಬಹಳ ಸುಧಾರಿಸುತ್ತದೆ. ಆದರೆ ಹಿರಿಯರು ಆರು ತಿಂಗಳಿಗೆ ಮರಳಿ ಹೋಗುವವರಾದರೆ ಆ ಲೆಕ್ಕದ ಮೇಲೆ ನಾಯಿ ತರುವುದು ಸರಿಯಲ್ಲ.

ಮನೆಯಲ್ಲಿ ಮೊಲ, ಹ್ಯಾಮ್‌ಸ್ಟರ್, ಹಕ್ಕಿಗಳಿದ್ದರೆ ಈ ತಳಿ ಬೇಡ ಎಂದೇ ಹೇಳುತ್ತೇನೆ. ಇಲಿ ಹಿಡಿಯುವ ನಾಯಿಗೆ ಓಡುವ ಸಣ್ಣ ಪ್ರಾಣಿಯನ್ನು ಕಂಡೂ ಸುಮ್ಮನಿರಲು ಕಲಿಸುವುದು ಎಷ್ಟು ಕಷ್ಟವೋ, ತಪ್ಪಾದ ಒಂದೇ ಗಳಿಗೆಯ ಪರಿಣಾಮವೂ ಅಷ್ಟೇ ಘೋರ. ಮರಿಯಿದ್ದಾಗಿನಿಂದ ಜೊತೆಯಲ್ಲಿ ಬೆಳೆದ ಬೆಕ್ಕಿನೊಡನೆ ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ. ಮನೆಯ ಮಕ್ಕಳೊಡನೆ ಗಟ್ಟಿಯಾದ ಸ್ನೇಹ ಬೆಳೆಸುತ್ತದೆ. ಹೊರಗಿನ ಮಕ್ಕಳು ಗದ್ದಲ ಮಾಡುತ್ತ ನುಗ್ಗಿದಾಗ ಹಿರಿಯರೊಬ್ಬರು ಅಲ್ಲೇ ಇರಬೇಕು.

3. ಮರಿಯನ್ನು ಆರಿಸುವಾಗ ಡಿಎನ್‌ಎ ಪರೀಕ್ಷೆಯ ಕಾಗದ ಕೇಳಿ

ಈ ಹಂತದಲ್ಲಿ ಆತುರ ಮಾಡಬಾರದು. ಸ್ಕಿಪರ್ಕೆ ಒಟ್ಟಿನಲ್ಲಿ ಗಟ್ಟಿಮುಟ್ಟಾದ ತಳಿಯಾದರೂ ಎಂಪಿಎಸ್ 3ಬಿ ಎಂಬ ಭೀಕರವಾದ ಆನುವಂಶಿಕ ಕಾಯಿಲೆ ಇದರಲ್ಲಿದೆ. ದೇಹದ ಜೀವಕೋಶಗಳಲ್ಲಿ ಒಂದು ಬಗೆಯ ಸಕ್ಕರೆ ಸರಪಳಿಯನ್ನು ಒಡೆಯಬೇಕಾದ ಕಿಣ್ವ ಇಲ್ಲದಿರುವುದರಿಂದ ಆ ವಸ್ತು ನರಕೋಶಗಳಲ್ಲಿ ಶೇಖರವಾಗುತ್ತ ಹೋಗುತ್ತದೆ. ಹುಟ್ಟಿದಾಗ ಮರಿ ಸಂಪೂರ್ಣ ಆರೋಗ್ಯವಾಗಿಯೇ ಕಾಣುತ್ತದೆ. ಎರಡರಿಂದ ನಾಲ್ಕು ವರ್ಷದೊಳಗೆ ನಡಿಗೆ ತೂರಾಡತೊಡಗುತ್ತದೆ, ಮೆಟ್ಟಿಲು ಹತ್ತಲಾಗುವುದಿಲ್ಲ, ಮೈ ನಡುಗುತ್ತದೆ, ಸಮತೋಲ ತಪ್ಪುತ್ತದೆ. ಇದಕ್ಕೆ ಚಿಕಿತ್ಸೆಯಿಲ್ಲ. ಮನೆಯವರೆಲ್ಲ ನಾಯಿಯನ್ನು ಹಚ್ಚಿಕೊಂಡ ಮೇಲೆ, ಅದರ ತುಂಬು ಪ್ರಾಯದಲ್ಲಿ ಬರುವ ಈ ಆಘಾತವನ್ನು ಒಂದು ಸರಳ ಪರೀಕ್ಷೆಯಿಂದ ಸಂಪೂರ್ಣವಾಗಿ ತಪ್ಪಿಸಬಹುದು.

ಕಾಯಿಲೆ ಬರಬೇಕಾದರೆ ದೋಷವಿರುವ ಜೀನ್ ತಂದೆ ತಾಯಿ ಇಬ್ಬರಿಂದಲೂ ಮರಿಗೆ ಬರಬೇಕು. ಒಂದೇ ಪ್ರತಿ ಇರುವ ನಾಯಿ ಜೀವನಪರ್ಯಂತ ಆರೋಗ್ಯವಾಗಿರುತ್ತದೆ, ಆದರೆ ದೋಷವನ್ನು ಮುಂದಿನ ಪೀಳಿಗೆಗೆ ದಾಟಿಸಬಲ್ಲದು. ಅಂಥ ಎರಡು ನಾಯಿಗಳನ್ನು ಕೂಡಿಸಿದರೆ ಪ್ರತಿಯೊಂದು ಮರಿಗೂ ಕಾಯಿಲೆ ಬರುವ ಸಂಭವ ಶೇ 25, ದೋಷವನ್ನು ಹೊತ್ತುಕೊಂಡಿರುವ ಸಂಭವ ಶೇ 50. ಇಬ್ಬರಲ್ಲಿ ಒಬ್ಬರಾದರೂ ದೋಷಮುಕ್ತರೆಂದು ಪರೀಕ್ಷೆಯಲ್ಲಿ ತಿಳಿದಿದ್ದರೆ ಕಾಯಿಲೆಯ ಮರಿ ಹುಟ್ಟುವುದಿಲ್ಲ. ಈ ಡಿಎನ್‌ಎ ಪರೀಕ್ಷೆಯನ್ನು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯಕೀಯ ವಿಭಾಗ ರೂಪಿಸಿದೆ. ಆದ್ದರಿಂದ ಮರಿ ಸಾಕಿ ಮಾರುವವರನ್ನು ಮೊದಲ ಭೇಟಿಯಲ್ಲೇ ತಂದೆ ತಾಯಿ ಎರಡರ ಎಂಪಿಎಸ್ ಫಲಿತಾಂಶದ ಕಾಗದ ಕೇಳಿ. 'ನಮ್ಮ ಸಾಲಿನಲ್ಲಿ ಅಂಥದ್ದು ಯಾವತ್ತೂ ಬಂದಿಲ್ಲ' ಎಂಬ ಬಾಯಿಮಾತು ಕಾಗದದ ಬದಲಿಗೆ ಸಲ್ಲದು. ಅಂಥ ಉತ್ತರ ಬಂದರೆ ನಮಸ್ಕಾರ ಹೇಳಿ ಹೊರಡುವುದೇ ಸರಿ. ಜೊತೆಗೆ ಮಂಡಿಚಿಪ್ಪು ಜಾರುವ ತೊಂದರೆ, ತೊಡೆಮೂಳೆಯ ತುದಿ ಸವೆಯುವ ಪರ್ಥೆಸ್ ಕಾಯಿಲೆ, ಥೈರಾಯ್ಡ್ ಕೊರತೆ, ಮೂರ್ಛೆರೋಗ, ಕಣ್ಣಿನ ಪೊರೆ ಇವುಗಳ ಬಗ್ಗೆ ತಂದೆ ತಾಯಿಯ ತಪಾಸಣೆಯ ವಿವರವನ್ನೂ ವಿಚಾರಿಸಬೇಕು.

ತಾಯಿಯನ್ನು ಮರಿಗಳ ಜೊತೆಯಲ್ಲಿ ನೋಡದೆ ಹಣ ಕೊಡಬೇಡಿ. ಬೆಲ್ಜಿಯಂನಲ್ಲಿ ಮಾರಾಟಕ್ಕೆ ಮೊದಲೇ ಮರಿಗೆ ಮೈಕ್ರೋಚಿಪ್ ಹಾಕಿಸಿ ಡಾಗ್‌ಐಡಿ ದಾಖಲೆಯಲ್ಲಿ ನೋಂದಾಯಿಸುವುದು ಕಡ್ಡಾಯ; ಯುರೋಪಿನ ಪ್ರಾಣಿ ಪಾಸ್‌ಪೋರ್ಟಿನಲ್ಲಿರುವ ಚಿಪ್ ಸಂಖ್ಯೆ ಮತ್ತು ಮರಿಯ ಮೈಮೇಲೆ ಓದಿದ ಸಂಖ್ಯೆ ಒಂದೇ ಆಗಿರಬೇಕು. ವಂಶಾವಳಿ ಪತ್ರ ಬೇಕಾದವರು ಬೆಲ್ಜಿಯಂನ ರಾಷ್ಟ್ರೀಯ ಸಂಸ್ಥೆಯಾದ ಸೇಂಟ್ ಹ್ಯೂಬರ್ಟಸ್ ರಾಜಸಂಘದಲ್ಲಿ ನೋಂದಾಯಿತ ಸಾಕಣೆದಾರರನ್ನು ಹುಡುಕಬಹುದು.

ಬಾಲದ ಬಗ್ಗೆ ಒಂದು ಮಾತು. ಹಳೆಯ ಚಿತ್ರಗಳಲ್ಲಿ ಸ್ಕಿಪರ್ಕೆಗೆ ಬಾಲವೇ ಇರುವುದಿಲ್ಲ. ಕೆಲವು ಮರಿಗಳು ಮೋಟು ಬಾಲದೊಡನೆ ಅಥವಾ ಬಾಲವಿಲ್ಲದೆ ಹುಟ್ಟುವುದು ನಿಜ, ಆದರೆ ಉಳಿದವುಗಳ ಬಾಲವನ್ನು ಹುಟ್ಟಿದ ಕೆಲವೇ ದಿನಗಳಲ್ಲಿ ಕತ್ತರಿಸುವ ವಾಡಿಕೆ ಇತ್ತು. ಬೆಲ್ಜಿಯಂ ಸೇರಿದಂತೆ ಯುರೋಪಿನ ಹಲವು ದೇಶಗಳು ಈಗ ಅಂದಕ್ಕಾಗಿ ಬಾಲ ಕತ್ತರಿಸುವುದನ್ನು ನಿಷೇಧಿಸಿವೆ. ಅಮೆರಿಕದಲ್ಲಿ ವಾಡಿಕೆ ಇನ್ನೂ ಉಳಿದಿದೆ. ನೋಟಕ್ಕಾಗಿ ಮರಿಗೆ ನೋವು ಕೊಡುವುದನ್ನು ನಾನು ಒಪ್ಪುವುದಿಲ್ಲ. ಸುರುಳಿ ಬಾಲದ ಸ್ಕಿಪರ್ಕೆ ಯಾವ ರೀತಿಯಲ್ಲೂ ಕಡಿಮೆ ಜಾತಿಯದಲ್ಲ.

4. ಮರಿ ಬರುವ ಮುನ್ನ ಮನೆಯನ್ನು ಸಿದ್ಧಪಡಿಸಿ

ದೋಣಿಗೆ ಅಂಚು ಇದ್ದಂತೆ ಮನೆಗೂ ಒಂದು ಅಂಚನ್ನು ನಿಗದಿಪಡಿಸಬೇಕು. ಸ್ಕಿಪರ್ಕೆ ಬೇಲಿಯ ಕೆಳಗೆ ತೋಡುತ್ತದೆ, ತಂತಿ ಜಾಲರಿಯನ್ನು ಹತ್ತುತ್ತದೆ, ಗೇಟಿನ ಸಂದಿನಲ್ಲಿ ತಲೆ ತೂರಿಸಿ ದೇಹವನ್ನೂ ಎಳೆದುಕೊಳ್ಳುತ್ತದೆ. ಹಿತ್ತಲಿನ ಬೇಲಿಯ ಬುಡಕ್ಕೆ ಕಲ್ಲುಚಪ್ಪಡಿ ಹಾಸಿ, ಸಂದುಗಳನ್ನು ಹಲಗೆಯಿಂದ ಮುಚ್ಚಿ, ಬೇಲಿಯ ಪಕ್ಕ ಕುರ್ಚಿ, ಕುಂಡ, ಸೌದೆ ರಾಶಿ ಇಲ್ಲದಂತೆ ನೋಡಿಕೊಳ್ಳಿ. ಮುಂಬಾಗಿಲಿನ ಒಳಗೆ ಮಕ್ಕಳಿಗೆ ಹಾಕುವಂಥ ಒಂದು ತಡೆಗೇಟು ಇದ್ದರೆ ಕೊರಿಯರ್ ಬಂದಾಗ ನಾಯಿ ಕಾಲಸಂದಿಯಿಂದ ನುಸುಳಿ ರಸ್ತೆಗಿಳಿಯುವುದು ತಪ್ಪುತ್ತದೆ.

ಕೊರಳಪಟ್ಟಿಯ ವಿಷಯದಲ್ಲಿ ಈ ತಳಿಗೆ ವಿಶೇಷ ಎಚ್ಚರ ಬೇಕು. ಕುತ್ತಿಗೆಯ ಸುತ್ತ ನಿಮಿರಿ ನಿಲ್ಲುವ ದಟ್ಟ ಕೂದಲಿನಿಂದಾಗಿ ಪಟ್ಟಿ ಬಿಗಿಯಾಗಿದೆ ಎಂದು ಹೊರಗಿನಿಂದ ತೋರಿದರೂ ಒಳಗೆ ಸಡಿಲವಿರುತ್ತದೆ; ಮುಖ ಮುಂದಕ್ಕೆ ಚೂಪಾಗಿರುವುದರಿಂದ ನಾಯಿ ಹಿಂದಕ್ಕೆ ಜಗ್ಗಿದರೆ ಪಟ್ಟಿ ಕಿವಿಯ ಮೇಲಿಂದ ಜಾರಿ ಬರುತ್ತದೆ. ನಡೆದಾಡಿಸಲು ಎದೆ ಮತ್ತು ಹೊಟ್ಟೆ ಎರಡನ್ನೂ ಸುತ್ತುವ ಹಾರ್ನೆಸ್ ಬಳಸಿ, ಹೆಸರು ಮತ್ತು ಫೋನ್ ಸಂಖ್ಯೆಯ ಬಿಲ್ಲೆಯನ್ನು ಮಾತ್ರ ಪಟ್ಟಿಗೆ ತೂಗುಹಾಕಿ. ಸಂಜೆ ನಾಲ್ಕೂವರೆಗೇ ಕತ್ತಲಾಗುವ ಯುರೋಪಿನ ಚಳಿಗಾಲದಲ್ಲಿ ಕಪ್ಪು ನಾಯಿ ವಾಹನ ಚಾಲಕರಿಗೆ ಕಾಣುವುದೇ ಇಲ್ಲ. ಹೊಳೆಯುವ ಪಟ್ಟಿಯೋ ಪುಟ್ಟ ದೀಪವೋ ಇಲ್ಲದೆ ಹೊರಡಬೇಡಿ.

5. ಮೊದಲ ವಾರಗಳಲ್ಲಿ ಲೋಕವನ್ನು ಪರಿಚಯಿಸಿ

ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ನಾಯಿಮರಿಯ ಮನಸ್ಸು ಹೊಸದನ್ನು ಹೆದರಿಕೆಯಿಲ್ಲದೆ ಒಪ್ಪಿಕೊಳ್ಳುತ್ತದೆ. ಅಪರಿಚಿತರನ್ನು ಅನುಮಾನಿಸುವುದು ಹುಟ್ಟುಗುಣವಾಗಿರುವ ತಳಿಗೆ ಈ ಅವಧಿ ಬಹಳ ಅಮೂಲ್ಯ. ಮರಿ ನಿಮ್ಮ ಕೈಸೇರುವುದು ಎಂಟು ವಾರದ ನಂತರವಾದ್ದರಿಂದ ನಿಮಗೆ ಉಳಿಯುವುದು ಕೆಲವೇ ವಾರ. ಲಸಿಕೆಗಳು ಪೂರ್ಣವಾಗುವ ಮೊದಲು ಬೇರೆ ನಾಯಿಗಳು ತಿರುಗಾಡುವ ನೆಲದ ಮೇಲೆ ಬಿಡದೆ, ಕೈಯಲ್ಲೋ ಚೀಲದಲ್ಲೋ ಎತ್ತಿಕೊಂಡೇ ಟ್ರಾಮ್, ರೈಲು ನಿಲ್ದಾಣ, ಸಂತೆ, ಸೈಕಲ್ಲುಗಳ ಸಾಲು, ಕೊಡೆ ಹಿಡಿದವರು, ಗಾಲಿಕುರ್ಚಿಯವರು ಇವೆಲ್ಲವನ್ನೂ ತೋರಿಸಿ. ಮನೆಗೆ ಬಗೆಬಗೆಯ ಜನರನ್ನು ಕರೆಯಿರಿ. ಬಂದವರು ಮರಿಯನ್ನು ಎತ್ತಿ ಮುದ್ದಾಡುವ ಬದಲು ನೆಲದ ಮೇಲೆ ಕುಳಿತು, ಅದಾಗಿಯೇ ಹತ್ತಿರ ಬಂದಾಗ ತಿಂಡಿ ಕೊಡಲಿ.

ಶೌಚದ ಅಭ್ಯಾಸ ಈ ತಳಿಗೆ ಸ್ವಲ್ಪ ನಿಧಾನವಾಗಿ ಕೂಡಿಬರುತ್ತದೆ. ಎದ್ದ ತಕ್ಷಣ, ತಿಂದ ಮೇಲೆ, ಆಡಿದ ಮೇಲೆ ಒಂದೇ ಜಾಗಕ್ಕೆ ಕರೆದೊಯ್ದು, ಕೆಲಸ ಮುಗಿದ ಕ್ಷಣದಲ್ಲೇ ಮೆಚ್ಚುಗೆ ಸೂಚಿಸಿದರೆ ಸಾಕು; ತಪ್ಪಾದಾಗ ಮೂತಿಯನ್ನು ಅಲ್ಲಿಗೆ ತಿಕ್ಕುವ ಹಳೆಯ ಕ್ರಮ ಭಯವನ್ನಷ್ಟೇ ಕಲಿಸುತ್ತದೆ.

ಮತ್ತೊಂದು ವಿಷಯ ಹೊರದೇಶದ ಕನ್ನಡ ಮನೆಗಳಿಗೆ ಮುಖ್ಯ. ಅಜ್ಜಿ 'ಬಾ' ಎನ್ನುತ್ತಾರೆ, ಮಗಳು ಡಚ್ ಭಾಷೆಯಲ್ಲಿ ಕರೆಯುತ್ತಾಳೆ, ಅಪ್ಪ ಇಂಗ್ಲಿಷಿನಲ್ಲಿ ಗದರುತ್ತಾರೆ. ನಾಯಿಗೆ ಯಾವ ಭಾಷೆಯಾದರೂ ಸರಿ, ಆದರೆ ಒಂದು ಕೆಲಸಕ್ಕೆ ಒಂದೇ ಪದವಿರಬೇಕು. ಬಾ, ಕೂರು, ಬಿಡು, ಸಾಕು, ಇಲ್ಲೇ ಇರು ಎಂಬ ಐದು ಪದಗಳನ್ನು ಎಲ್ಲರೂ ಒಪ್ಪಿ, ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ.

6. ಬೊಗಳುವುದನ್ನು ಕೆಲಸವಾಗಿ ಮಾರ್ಪಡಿಸಿ

ಸ್ಕಿಪರ್ಕೆ ಬೊಗಳದಂತೆ ಮಾಡಲು ಹೊರಡುವುದು ಅದರ ಸ್ವಭಾವದ ವಿರುದ್ಧ ಯುದ್ಧ ಹೂಡಿದಂತೆ; ಎಷ್ಟು ಹೊತ್ತು ಬೊಗಳಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಕಲಿಸುವುದು ಖಂಡಿತ ಸಾಧ್ಯ. ಕಾವಲು ನಾಯಿ ಬೊಗಳುವುದು ಮಾಲೀಕನಿಗೆ ಸುದ್ದಿ ಮುಟ್ಟಿಸಲು. ಸುದ್ದಿ ಮುಟ್ಟಿತೆಂದು ಅದಕ್ಕೆ ತಿಳಿಯುವವರೆಗೆ ಅದು ನಿಲ್ಲಿಸುವುದಿಲ್ಲ. ಸೋಫಾದ ಮೇಲೆ ಕುಳಿತೇ 'ಸುಮ್ಮನಿರು' ಎಂದು ಕಿರುಚುವ ಮಾಲೀಕನೂ ತನ್ನ ಜೊತೆ ಬೊಗಳುತ್ತಿದ್ದಾನೆ ಎಂದೇ ನಾಯಿ ತಿಳಿಯುತ್ತದೆ.

ಕ್ರಮ ಹೀಗಿರಲಿ. ಬಾಗಿಲ ಬಳಿ ಬೊಗಳಿದಾಗ ಎದ್ದು ಹೋಗಿ, ನಾಯಿಯ ಪಕ್ಕ ನಿಂತು, ಕಿಟಕಿಯಿಂದ ಹೊರಗೆ ನಿಜವಾಗಿಯೂ ನೋಡಿ. ನಂತರ ಶಾಂತವಾದ ಧ್ವನಿಯಲ್ಲಿ ಒಮ್ಮೆ ಮಾತ್ರ 'ಸಾಕು' ಎನ್ನಿ ಮತ್ತು ಮೂಗಿನ ಮುಂದೆ ಒಂದು ತುಣುಕು ತಿಂಡಿ ಹಿಡಿಯಿರಿ. ಮೂಸಲು ಬಾಯಿ ಮುಚ್ಚಿದ ಕ್ಷಣದಲ್ಲೇ ತಿಂಡಿ ಕೊಡಿ. ಮುಂದಿನ ದಿನಗಳಲ್ಲಿ 'ಸಾಕು' ಎಂಬ ಮಾತಿಗೂ ತಿಂಡಿಗೂ ನಡುವಿನ ಅಂತರವನ್ನು ಎರಡು ಸೆಕೆಂಡು, ಐದು ಸೆಕೆಂಡು, ಹತ್ತು ಸೆಕೆಂಡು ಎಂದು ಹಿಗ್ಗಿಸುತ್ತ ಹೋಗಿ. ಅದು ಗಟ್ಟಿಯಾದ ಮೇಲೆ ಬಾಗಿಲಿನಿಂದ ಸ್ವಲ್ಪ ದೂರದಲ್ಲಿ ಒಂದು ಚಾಪೆ ಹಾಸಿ, ಮಾತು ಕೇಳಿದ ಮೇಲೆ ಅಲ್ಲಿಗೆ ಹೋಗಿ ಕೂರುವುದನ್ನು ಸೇರಿಸಿ. ಹೀಗೆ ಮೂರು ಭಾಗದ ಒಂದು ಕರ್ತವ್ಯ ರೂಪುಗೊಳ್ಳುತ್ತದೆ: ತಿಳಿಸುವುದು, ಮಾಲೀಕ ಬಂದಾಗ ನಿಲ್ಲಿಸುವುದು, ತನ್ನ ಜಾಗಕ್ಕೆ ಮರಳುವುದು. ರಾತ್ರಿ ದಡಕ್ಕೆ ಕಟ್ಟಿದ ದೋಣಿಯಲ್ಲಿ ಬೇಕಾಗಿದ್ದದ್ದೂ ಇದೇ.

ಕರೆಗಂಟೆಯ ಅಭ್ಯಾಸವನ್ನು ಬೇರೆಯಾಗಿ ಮಾಡಿಸಬೇಕು. ಮನೆಯವರೊಬ್ಬರು ಹೊರಗೆ ನಿಂತು ಗಂಟೆ ಒತ್ತಲಿ, ನೀವು ಮೇಲಿನ ಕ್ರಮವನ್ನು ಪೂರೈಸಿ, ಆಮೇಲೆ ಬಾಗಿಲು ತೆರೆಯಿರಿ. ದಿನಕ್ಕೆ ಐದಾರು ಬಾರಿ, ನಾಯಿ ಸುಸ್ತಾಗುವ ಮೊದಲೇ ನಿಲ್ಲಿಸಿ. ಹಬ್ಬದ ದಿನ ಹತ್ತು ಮನೆಯವರು ಒಟ್ಟಿಗೆ ಬರುವುದಾದರೆ ಅಂದು ಪಾಠ ಬೇಡ. ಅಗಿಯಲು ಏನಾದರೂ ಕೊಟ್ಟು ಒಳಕೋಣೆಯಲ್ಲಿ ನೆಮ್ಮದಿಯಾಗಿರಲು ಬಿಡುವುದು ಒಳ್ಳೆಯದು.

ನೀವು ಇಲ್ಲದಾಗ ಬೊಗಳುವುದು ಇನ್ನೊಂದು ಬಗೆ. ರಸ್ತೆಗೆ ಕಾಣುವ ಕಿಟಕಿಯ ಕೆಳಭಾಗಕ್ಕೆ ಮಸುಕು ಹಾಳೆ ಅಂಟಿಸಿದರೆ ಕಾವಲು ಕಾಯಬೇಕಾದ ಕ್ಷೇತ್ರವೇ ಕಿರಿದಾಗುತ್ತದೆ. ಹೊರಡುವ ಮುನ್ನ ಅರ್ಧ ಗಂಟೆ ಚೆನ್ನಾಗಿ ನಡೆದಾಡಿಸಿ. ಒಂಟಿಯಾಗಿರುವುದನ್ನು ಐದು ನಿಮಿಷದಿಂದ ಆರಂಭಿಸಿ ವಾರಗಳ ಅವಧಿಯಲ್ಲಿ ಬೆಳೆಸಬೇಕು. ವಿದ್ಯುತ್ ಆಘಾತ ಕೊಡುವ ಪಟ್ಟಿಗಳನ್ನು ಮಾತ್ರ ಯಾರೇ ಹೇಳಿದರೂ ಬಳಸಬೇಡಿ. ಅಪರಿಚಿತರನ್ನು ಕಂಡಾಗ ನೋವಾಗುತ್ತದೆ ಎಂದು ಕಲಿತ ಕಾವಲು ನಾಯಿ ಮುಂದೆ ಎಚ್ಚರಿಕೆ ಕೊಡದೆ ಕಚ್ಚುವ ನಾಯಿಯಾಗಬಹುದು.

7. ಹಗ್ಗ, ಓಟ ಮತ್ತು ಮೂಗಿನ ಕೆಲಸ

ದಿನಕ್ಕೆ ಎರಡು ಬಾರಿ ಅರ್ಧರ್ಧ ಗಂಟೆಯ ನಡಿಗೆ ದೇಹಕ್ಕೆ ಸಾಕು. ಬೇಲಿಯಿಲ್ಲದ ಜಾಗದಲ್ಲಿ ಹಗ್ಗ ಬಿಚ್ಚಬೇಡಿ. ಮೊಲ ಓಡಿದರೆ ಅತ್ಯಂತ ವಿಧೇಯ ಸ್ಕಿಪರ್ಕೆಗೂ ಕಿವಿ ಕೇಳಿಸುವುದಿಲ್ಲ. ಮನಸ್ಸಿನ ಕೆಲಸ ಇದಕ್ಕಿಂತ ಮುಖ್ಯ. ಹಳೆಯ ಟವೆಲಿನಲ್ಲಿ ಊಟದ ಕಾಳುಗಳನ್ನು ಸುತ್ತಿಡುವುದು, ರಟ್ಟಿನ ಪೆಟ್ಟಿಗೆಗಳ ನಡುವೆ ತಿಂಡಿ ಬಚ್ಚಿಟ್ಟು ಮೂಸಿ ಹುಡುಕಿಸುವುದು, ಮನೆಯವರ ಹೆಸರು ಹೇಳಿ ಅವರನ್ನು ಪತ್ತೆ ಮಾಡಿಸುವುದು ಇಂಥವು ಇಲಿ ಹುಡುಕುವ ಮೂಗಿಗೆ ತಕ್ಕ ಉದ್ಯೋಗಗಳು. ಒಂದೇ ಪಾಠವನ್ನು ಹತ್ತು ಬಾರಿ ಹೇಳಿದರೆ ಬೇಸರಗೊಂಡು ಮುಖ ತಿರುಗಿಸುತ್ತದೆ. ಮೂರು ನಿಮಿಷದ ಪಾಠಗಳನ್ನು ದಿನವಿಡೀ ಹಂಚಿ.

8. ಊಟ

ಐದು ಕೆ.ಜಿ. ನಾಯಿಗೆ ಬೇಕಾಗುವ ಆಹಾರ ನಾವು ಊಹಿಸುವುದಕ್ಕಿಂತ ಬಹಳ ಕಡಿಮೆ, ಮತ್ತು ಅರ್ಧ ಕೆ.ಜಿ. ಹೆಚ್ಚಾದರೂ ಅದು ಅದರ ಮೈತೂಕದ ಹತ್ತನೆಯ ಒಂದು ಭಾಗ. ಆ ಭಾರ ಬೀಳುವುದು ಮೊದಲೇ ಸೂಕ್ಷ್ಮವಾದ ಮಂಡಿಯ ಮೇಲೆ. ದಟ್ಟ ಕೂದಲು ಕೊಬ್ಬನ್ನು ಮರೆಮಾಚುವುದರಿಂದ ಕಣ್ಣಿನಿಂದ ಅಳೆಯದೆ ಪಕ್ಕೆಲುಬನ್ನು ಬೆರಳಿನಿಂದ ಮುಟ್ಟಿ ನೋಡಿ. ನಮ್ಮ ಅಡುಗೆಮನೆಯ ಅಪಾಯಗಳನ್ನು ಮನೆಯ ಹಿರಿಯರಿಗೂ ಅತಿಥಿಗಳಿಗೂ ಬಿಡಿಸಿ ಹೇಳಬೇಕು: ಈರುಳ್ಳಿ ಬೆಂದಿರುವ ಹುಳಿ, ಬೆಳ್ಳುಳ್ಳಿ ಒಗ್ಗರಣೆ, ಒಣದ್ರಾಕ್ಷಿ ಹಾಕಿದ ಪಾಯಸ ಮತ್ತು ಕೇಸರಿಬಾತು, ಚಾಕಲೇಟು, ಸಕ್ಕರೆಯಿಲ್ಲದ ಚೂಯಿಂಗ್ ಗಮ್ಮಿನಲ್ಲಿರುವ ಕ್ಸೈಲಿಟಾಲ್ ಇವೆಲ್ಲ ನಾಯಿಗೆ ವಿಷ. ಒಣದ್ರಾಕ್ಷಿ ಕೆಲವೇ ಆದರೂ ಇಷ್ಟು ಚಿಕ್ಕ ನಾಯಿಯ ಮೂತ್ರಪಿಂಡ ಕೆಡಿಸಬಲ್ಲವು. ಅನ್ನ ಮೊಸರು, ರಾಗಿ ಹೊಟ್ಟೆ ತುಂಬಿಸುತ್ತವೆಯೇ ಹೊರತು ಬೇಕಾದ ಪೋಷಕಾಂಶಗಳನ್ನೆಲ್ಲ ಕೊಡುವುದಿಲ್ಲ. ಸಸ್ಯಾಹಾರಿ ಮನೆಯವರು ಪಶುವೈದ್ಯರೊಡನೆ ಚರ್ಚಿಸಿ ಸಮತೋಲಿತ ಸಿದ್ಧ ಆಹಾರವನ್ನು ಆರಿಸಿಕೊಳ್ಳುವುದು ಕ್ಷೇಮ.

9. ಕೂದಲಿನ ಆರೈಕೆ

ಕುತ್ತಿಗೆಯ ಸುತ್ತ ಕೇಸರ, ಎದೆಯ ಮೇಲೆ ಇಳಿಬಿದ್ದ ಕುಚ್ಚು, ಹಿಂದೊಡೆಯ ಮೇಲೆ ದಟ್ಟ ಕೂದಲು, ಮುಖ ಮತ್ತು ಕಾಲಿನ ಮುಂಭಾಗದಲ್ಲಿ ಗಿಡ್ಡ ಕೂದಲು ಇದು ತಳಿಯ ಗುರುತು. ವಾರಕ್ಕೆ ಒಂದೆರಡು ಬಾರಿ ಬಾಚಿದರೆ ಸಾಕು. ವರ್ಷಕ್ಕೆ ಒಂದೆರಡು ಬಾರಿ ಒಳಗೂದಲು ಗೊಂಚಲು ಗೊಂಚಲಾಗಿ ಉದುರುವಾಗ ಮಾತ್ರ ದಿನವೂ ಬಾಚಬೇಕು. ಕತ್ತರಿ ಹಾಕುವುದಾಗಲಿ, ಸೆಕೆಯೆಂದು ಬೋಳಿಸುವುದಾಗಲಿ ಬೇಡ. ಒಳಗೂದಲು ಚಳಿಯಿಂದ ಕಾಪಾಡಿದರೆ ಹೊರಗೂದಲು ಬಿಸಿಲಿನಿಂದ ಚರ್ಮವನ್ನು ಕಾಪಾಡುತ್ತದೆ. ಬಿಸಿಲಿಗೆ ಬಹಳ ಹೊತ್ತು ಒಡ್ಡಿದ ಕಪ್ಪು ಕೂದಲು ಕಂದು ಛಾಯೆಗೆ ತಿರುಗುವುದುಂಟು, ಅದು ಕಾಯಿಲೆಯಲ್ಲ. ಉಗುರು ಮತ್ತು ಹಲ್ಲುಗಳ ಆರೈಕೆಯನ್ನು ಮರಿಯಿದ್ದಾಗಲೇ ಅಭ್ಯಾಸ ಮಾಡಿಸಿ.

10. ದೋಣಿಯ ಮೇಲೆ ಕರೆದೊಯ್ಯುವುದಾದರೆ

ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್‌ನಲ್ಲಿ ರಜೆಗೆ ದೋಣಿ ಬಾಡಿಗೆಗೆ ಪಡೆಯುವುದು ಸಾಮಾನ್ಯ, ದೋಣಿಮನೆಗಳಲ್ಲಿ ವಾಸಿಸುವವರೂ ಇದ್ದಾರೆ. ತಳಿಯ ಹೆಸರು ದೋಣಿಯೊಡನೆ ಬೆರೆತಿದೆ ಎಂದ ಮಾತ್ರಕ್ಕೆ ನಿಮ್ಮ ಸ್ಕಿಪರ್ಕೆ ಹುಟ್ಟುತ್ತಲೇ ನಾವಿಕನಾಗಿರುವುದಿಲ್ಲ. ಮೊದಲು ದಡಕ್ಕೆ ಕಟ್ಟಿದ, ಎಂಜಿನ್ ನಿಲ್ಲಿಸಿದ ದೋಣಿಯಲ್ಲಿ ಒಂದು ಗಂಟೆ ಕಳೆಯಿರಿ. ಊಟವನ್ನೂ ಅಲ್ಲೇ ಹಾಕಿ. ಎರಡನೆಯ ಭೇಟಿಯಲ್ಲಿ ಎಂಜಿನ್ ಚಾಲೂ ಮಾಡಿ ಕಟ್ಟಿದ ಜಾಗದಲ್ಲೇ ಇರಿ. ಆಮೇಲೆ ಒಂದು ಚಿಕ್ಕ ಸವಾರಿ. ದಡದಿಂದ ದೋಣಿಗೆ ಹಾಕುವ ಹಲಗೆಗೆ ಜಾರದ ಚಾಪೆ ಹೊದಿಸಿ, ಮೊದಲ ಬಾರಿ ಅದನ್ನು ಹುಲ್ಲಿನ ಮೇಲೆ ಇಟ್ಟು ನಡೆಯಿಸಿ.

ತೇಲುಜಾಕೆಟ್ಟನ್ನು ಮನೆಯಲ್ಲೇ ತೊಡಿಸಿ ರೂಢಿ ಮಾಡಿಸಿ. ಅದು ಕಿತ್ತಳೆಯೋ ಹಳದಿಯೋ ಆಗಿರಲಿ, ಏಕೆಂದರೆ ಕತ್ತಲ ನೀರಿನಲ್ಲಿ ಕಪ್ಪು ತಲೆಯನ್ನು ಗುರುತಿಸುವುದು ಅಸಾಧ್ಯ. ಬೆನ್ನ ಮೇಲೆ ಗಟ್ಟಿಯಾದ ಹಿಡಿಕೆ ಇರಲೇಬೇಕು. ಫ್ಲಾಂಡರ್ಸ್‌ನ ಕಾಲುವೆಗಳ ದಡ ಹಲವೆಡೆ ನೇರವಾಗಿ ನಿಂತ ಉಕ್ಕಿನ ಅಥವಾ ಕಾಂಕ್ರೀಟಿನ ಗೋಡೆ. ಈಜು ಬಲ್ಲ ನಾಯಿಯೂ ಅದನ್ನು ಹತ್ತಲಾರದೆ ಸುಸ್ತಾಗಿ ಮುಳುಗುತ್ತದೆ, ಮೇಲಿನಿಂದ ಹಿಡಿದೆತ್ತಲು ಆ ಹಿಡಿಕೆಯೊಂದೇ ಆಸರೆ. ಕೊಕ್ಕೆಯಿರುವ ಉದ್ದ ಕೋಲನ್ನು ಕೈಗೆಟಕುವಲ್ಲಿ ಇಟ್ಟುಕೊಳ್ಳಿ.

ದೋಣಿಯ ಮೇಲೆ ನಾಯಿಯನ್ನು ಕೊರಳಪಟ್ಟಿಯಿಂದ ಎಂದಿಗೂ ಕಟ್ಟಬೇಡಿ. ಅಂಚಿನಿಂದ ಜಾರಿದರೆ ಅದೇ ಉರುಳಾಗುತ್ತದೆ. ಕಟ್ಟಲೇಬೇಕಾದರೆ ಹಾರ್ನೆಸ್ಸಿಗೆ, ಅದೂ ಅಂಚನ್ನು ತಲುಪದಷ್ಟು ಗಿಡ್ಡ ಹಗ್ಗದಿಂದ, ನಿಮ್ಮ ಕಣ್ಣೆದುರಿನಲ್ಲಿ. ನೀರಿನ ಮಟ್ಟ ಬದಲಿಸುವ ಲಾಕ್‌ಗಳಲ್ಲಿ ನೀರು ರಭಸವಾಗಿ ನುಗ್ಗುತ್ತದೆ, ಹಗ್ಗಗಳು ಬಿಗಿಯುತ್ತವೆ, ಪಕ್ಕದಲ್ಲಿ ದೊಡ್ಡ ಹಡಗುಗಳಿರುತ್ತವೆ, ನಿಮ್ಮ ಎರಡು ಕೈಗಳಿಗೂ ಕೆಲಸವಿರುತ್ತದೆ. ಅಂಥ ಹೊತ್ತಿನಲ್ಲಿ ಸ್ಕಿಪರ್ಕೆ ಕೋಣೆಯೊಳಗೆ, ಬಾಗಿಲು ಹಾಕಿದ ಸ್ಥಿತಿಯಲ್ಲಿ ಇರಬೇಕು. ಬಿಸಿಲಿಗೆ ಲೋಹದ ತಳ ಕಾದು ಪಾದ ಸುಡುವುದರಿಂದ ನೆರಳಿನ ಬಟ್ಟೆಯನ್ನೂ ಒದ್ದೆ ಚಾಪೆಯನ್ನೂ ಸಿದ್ಧವಾಗಿಡಿ.

11. ವರ್ಷಗಳುದ್ದಕ್ಕೂ ಗಮನಿಸಬೇಕಾದ ಲಕ್ಷಣಗಳು

ನಡೆಯುವಾಗ ಹಿಂಗಾಲನ್ನು ಎರಡು ಹೆಜ್ಜೆ ಮೇಲೆತ್ತಿ ಮತ್ತೆ ಸರಿಯಾಗುವುದು ಮಂಡಿಚಿಪ್ಪಿನ ಸೂಚನೆ. ಒಂದು ವರ್ಷದೊಳಗಿನ ಮರಿ ಹಿಂಗಾಲು ಕುಂಟುತ್ತ ನೋವೆಂದು ಅಳುತ್ತಿದ್ದರೆ ಪರ್ಥೆಸ್ ಇದೆಯೇ ಎಂದು ಎಕ್ಸ್-ರೇ ತೆಗೆಸಬೇಕು. ಊಟ ಹೆಚ್ಚಿಲ್ಲದಿದ್ದರೂ ದಪ್ಪವಾಗುವುದು, ಕೂದಲು ಮಂಕಾಗಿ ತೆಳ್ಳಗಾಗುವುದು, ಸದಾ ಮಂಪರು ಇವು ಥೈರಾಯ್ಡ್ ಪರೀಕ್ಷೆ ಕೇಳುತ್ತವೆ. ಇಷ್ಟು ಚಟುವಟಿಕೆಯ ತಳಿಯಲ್ಲಿ ಒಂದು ದಿನ ಬಾಗಿಲಿಗೆ ಯಾರು ಬಂದರೂ ತಲೆಯೆತ್ತದೆ ಮಲಗಿದ್ದರೆ ಅದನ್ನೇ ರೋಗಲಕ್ಷಣವೆಂದು ಪರಿಗಣಿಸಿ ವೈದ್ಯರ ಬಳಿ ಹೋಗಿ.

12. ಕರ್ನಾಟಕಕ್ಕೆ ಕರೆತರುವ ಯೋಚನೆಯಿದ್ದರೆ

ಕರ್ನಾಟಕದಲ್ಲಿಯೇ ವಾಸಿಸುವವರು ಕಾವಲಿಗಾಗಿ ಈ ತಳಿಯನ್ನು ಬಯಸುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ. ನಮ್ಮ ಬೀದಿಯ ದೇಸಿ ಮರಿಯೊಂದನ್ನು ದತ್ತು ಪಡೆದರೆ ನಮ್ಮ ಹವೆಗೆ ಹೊಂದಿದ ಅಷ್ಟೇ ಎಚ್ಚರದ ನಾಯಿ ದೊರೆಯುತ್ತದೆ. ಹೊರದೇಶದಿಂದ ಸಂಸಾರ ಸಮೇತ ಮರಳುವವರು ಮನೆಯ ನಾಯಿಯನ್ನು ಬಿಟ್ಟು ಬರಬೇಕಾಗಿಲ್ಲ. ಭಾರತ 2013ರಿಂದ ನಾಯಿಗಳ ಆಮದನ್ನು ನಿರ್ಬಂಧಿಸಿದ್ದರೂ ಮಾಲೀಕರ ಹೆಸರಿನ ದಾಖಲೆಗಳಿರುವ ಸಾಕುನಾಯಿಗಳಿಗೆ ಅವಕಾಶವಿದೆ. ಪ್ರಯಾಣಕ್ಕೆ ಮೊದಲೇ ಪ್ರಾಣಿ ಕ್ವಾರಂಟೈನ್ ಇಲಾಖೆಯಿಂದ ನಿರಾಕ್ಷೇಪಣಾ ಪತ್ರ ಪಡೆಯಬೇಕು, ರೇಬೀಸ್ ಲಸಿಕೆ ಮತ್ತು ಹೊರಡುವ ದೇಶದ ಸರ್ಕಾರಿ ಪಶುವೈದ್ಯರ ಆರೋಗ್ಯ ಪತ್ರ ಇರಬೇಕು. ಬೆಂಗಳೂರು ವಿಮಾನ ನಿಲ್ದಾಣದ ಮೂಲಕವೇ ಕರೆತರಬಹುದು.

ಬೆಂಗಳೂರು, ಮೈಸೂರು, ಕೊಡಗಿನ ಹವೆಯನ್ನು ಸ್ಕಿಪರ್ಕೆ ತಾಳಿಕೊಳ್ಳಬಲ್ಲದು. ಕಲಬುರಗಿ, ರಾಯಚೂರಿನ ಬೇಸಿಗೆ ಇದಕ್ಕಲ್ಲ. ಬಂದ ಮೊದಲ ತಿಂಗಳು ಬೆಳಗಿನ ಏಳರೊಳಗೆ ಮತ್ತು ಕತ್ತಲಾದ ಮೇಲೆ ಮಾತ್ರ ನಡೆದಾಡಿಸಿ. ನಾಯಿಯ ಸಹಜ ಮೈತಾಪ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಬಿಸಿಲಿನಲ್ಲಿ ವಿಪರೀತ ಏದುಸಿರು, ಜೊಲ್ಲು, ತೂರಾಟ ಕಂಡರೆ ನೆರಳಿಗೆ ಒಯ್ದು ತಣ್ಣೀರನ್ನು ಚರ್ಮಕ್ಕೆ ತಲುಪುವಂತೆ ಸುರಿದು, ಗಾಳಿ ಬೀಸುತ್ತ ಆಸ್ಪತ್ರೆಗೆ ಹೊರಡಿ. ರಕ್ತ ಹೀರುವ ಉಣ್ಣಿ ಹುಳುಗಳಿಂದ ಹರಡುವ ಜ್ವರ ನಮ್ಮಲ್ಲಿ ವರ್ಷವಿಡೀ ಇರುವುದರಿಂದ, ಕಪ್ಪು ದಟ್ಟ ಕೂದಲಿನಲ್ಲಿ ಅವು ಕಣ್ಣಿಗೆ ಬೀಳದ ಕಾರಣ, ದಿನಕ್ಕೊಮ್ಮೆ ಕಿವಿಯ ಹಿಂದೆ, ಕೇಸರದ ಬುಡದಲ್ಲಿ, ಬೆರಳುಗಳ ಸಂದಿನಲ್ಲಿ ಕೈಯಾಡಿಸಿ ಹುಡುಕಬೇಕು.

ಎರಡು ಮೂರು ವರ್ಷದ ನಂತರ ಮತ್ತೆ ಯುರೋಪಿಗೆ ಹೋಗುವ ಸಾಧ್ಯತೆ ಇರುವವರು ಅಲ್ಲಿಂದ ಹೊರಡುವ ಮೊದಲೇ ಒಂದು ಕೆಲಸ ಮುಗಿಸಿಕೊಳ್ಳಬೇಕು. ಭಾರತದಿಂದ ಯುರೋಪ್ ಒಕ್ಕೂಟವನ್ನು ಪ್ರವೇಶಿಸುವ ನಾಯಿಗೆ ರೇಬೀಸ್ ಪ್ರತಿಕಾಯದ ರಕ್ತಪರೀಕ್ಷೆ ಕಡ್ಡಾಯ. ಲಸಿಕೆ ಹಾಕಿಸಿ ಕನಿಷ್ಠ 30 ದಿನದ ನಂತರ ರಕ್ತ ತೆಗೆಯಬೇಕು, ಫಲಿತಾಂಶ ಪ್ರತಿ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಘಟಕ ಅಥವಾ ಅದಕ್ಕಿಂತ ಹೆಚ್ಚಿರಬೇಕು, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಇದೇ ಪರೀಕ್ಷೆಯನ್ನು ಯುರೋಪಿನಲ್ಲಿರುವಾಗಲೇ ಮಾಡಿಸಿ ಪಾಸ್‌ಪೋರ್ಟಿನಲ್ಲಿ ನಮೂದಿಸಿಕೊಂಡು ಬಂದರೆ ಆ ಮೂರು ತಿಂಗಳ ಕಾಯುವಿಕೆ ಅನ್ವಯಿಸುವುದಿಲ್ಲ. ಆದರೆ ಭಾರತದಲ್ಲಿರುವಾಗ ರೇಬೀಸ್ ಲಸಿಕೆಯ ಅವಧಿ ಒಂದು ದಿನವೂ ಮೀರದಂತೆ, ಹಿಂದಿನದು ಮುಗಿಯುವ ಮುನ್ನವೇ ಮುಂದಿನದನ್ನು ಹಾಕಿಸುತ್ತಿರಬೇಕು. ನಡುವೆ ಬಿಟ್ಟುಹೋದರೆ ಪರೀಕ್ಷೆಯನ್ನು ಮೊದಲಿನಿಂದ ಮಾಡಿಸಬೇಕಾಗುತ್ತದೆ.